ಕಹಿಗೂ ಒಂದು ಅಳತೆ

ವೈಟ್ ನೆಗ್ರೋನಿ ಎಂಬ ಕಾಕ್‌ಟೇಲ್ ಮಾಡಲು ಹೊರಟವರಲ್ಲಿ ಬಹಳ ಜನ ಎಡವುವುದು ಒಂದೇ ಕಡೆ. ಇಟಲಿಯ ಮೂಲ ನೆಗ್ರೋನಿಯ ಲೆಕ್ಕ ಅವರಿಗೆ ಬಾಯಿಪಾಠ: ಜಿನ್ ಒಂದು ಪಾಲು, ಸಿಹಿ ವರ್ಮೂತ್ ಒಂದು ಪಾಲು, ಕಂಪಾರಿ ಒಂದು ಪಾಲು. ಅದೇ ಲೆಕ್ಕದಲ್ಲಿ ವರ್ಮೂತ್ ಜಾಗಕ್ಕೆ ಫ್ರಾನ್ಸಿನ ಲಿಲೆ ಎಂಬ ವೈನ್ ಪಾನೀಯ, ಕಂಪಾರಿ ಜಾಗಕ್ಕೆ ಅಲ್ಲಿಯದೇ ಸ್ಯೂಜ್ ಎಂಬ ಕಹಿ ಮದ್ಯ ಸುರಿದು ಕಲಕಿ ಬಾಯಿಗಿಟ್ಟರೆ ಮೊದಲ ಗುಟುಕಿಗೇ ಮುಖ ಹುಳ್ಳಗಾಗುತ್ತದೆ. ಎರಡನೆಯ ಗುಟುಕಿಗೆ ಮಣ್ಣಿನ ವಾಸನೆಯ ಕಹಿಯೊಂದು ನಾಲಗೆಯ ಬುಡದಲ್ಲಿ ಹೋಗಿ ಕೂತುಬಿಡುತ್ತದೆ. ಜಿನ್ ಎಲ್ಲಿದೆಯೆಂದು ಹುಡುಕಬೇಕು. 'ಇದು ಕಷಾಯ ಕಣ್ರೀ' ಎಂದು ಸ್ಯೂಜ್ ಬಾಟಲಿಯನ್ನು ಕಪಾಟಿನ ಮೂಲೆಗೆ ತಳ್ಳಿದವರನ್ನು ನಾನು ಕಂಡಿದ್ದೇನೆ. ಪಾಪ, ಬಾಟಲಿಯ ತಪ್ಪೇನೂ ಇರುವುದಿಲ್ಲ. ಫ್ರಾನ್ಸಿನ ಈ ಕಹಿ ಬೇರೆಯೇ ಜಾತಿಯದು. ಅದರ ಗುಣ ತಿಳಿದುಕೊಂಡು ಅಳತೆಯನ್ನು ಮೊದಲಿನಿಂದ ಹಾಕಬೇಕು. ಹಾಗೆ ಹಾಕಿದರೆ ಮೂಲ ನೆಗ್ರೋನಿಗಿಂತ ತಿಳಿಯಾದ, ನನ್ನ ರುಚಿಗೆ ಅದಕ್ಕಿಂತ ಮೇಲಾದ ಪಾನೀಯ ಕೈಗೆ ಬರುತ್ತದೆ.

ಮೂಲದ ಕಥೆ ಚಿಕ್ಕದು. 1919ರ ಸುಮಾರಿಗೆ ಫ್ಲಾರೆನ್ಸ್ ನಗರದ ಕಫೆ ಕಸೋನಿಯಲ್ಲಿ ಕೌಂಟ್ ಕಮಿಲ್ಲೋ ನೆಗ್ರೋನಿ ಎಂಬಾತ, ತಾನು ಕುಡಿಯುತ್ತಿದ್ದ ಅಮೆರಿಕಾನೋ ಎಂಬ ಕಾಕ್‌ಟೇಲಿಗೆ ಸೋಡಾ ಬೇಡ, ಜಿನ್ ಹಾಕು ಎಂದು ಬಾರ್‌ನ ಫೋಸ್ಕೋ ಸ್ಕಾರ್ಸೆಲ್ಲಿಗೆ ಹೇಳಿದನೆಂದು ಪ್ರತೀತಿ. ನೆಗ್ರೋನಿ ಜಾತಿಯ ಪಾನೀಯಗಳ ಸಾಲಿಗೆ ಪ್ಯಾರಿಸ್ ಕೂಡ ಒಂದನ್ನು ಕೊಟ್ಟಿದೆ. ಅಲ್ಲಿ 'ಬುಲೆವಾರ್ಡಿಯೇ' ಎಂಬ ಪತ್ರಿಕೆ ನಡೆಸುತ್ತಿದ್ದ ಅಮೆರಿಕನ್ ಎರ್ಸ್ಕಿನ್ ಗ್ವಿನ್ ಕುಡಿಯುತ್ತಿದ್ದ, ಬೋರ್ಬನ್ ವಿಸ್ಕಿ ಬೆರೆತ ಕಾಕ್‌ಟೇಲ್ ಅದು. ಹ್ಯಾರೀಸ್ ನ್ಯೂಯಾರ್ಕ್ ಬಾರ್‌ನ ಹ್ಯಾರಿ ಮೆಕೆಲ್ಹೋನ್ 1927ರ ತನ್ನ ಪುಸ್ತಕದಲ್ಲಿ ಅದನ್ನು ದಾಖಲಿಸಿದ. ಆದರೆ ಅದರಲ್ಲಿ ವಿಸ್ಕಿ ಅಮೆರಿಕದ್ದು, ಉಳಿದೆರಡು, ವರ್ಮೂತ್ ಮತ್ತು ಕಂಪಾರಿ, ಇಟಲಿಯ ಸೀಮೆಯವು. ವಿಳಾಸ ಮಾತ್ರ ಪ್ಯಾರಿಸ್ಸಿನದು.

ಫ್ರಾನ್ಸಿನ ನೆಲದ ಬಾಟಲಿಗಳು ನೆಗ್ರೋನಿಯ ಲೋಟಕ್ಕೆ ಇಳಿದದ್ದು 2001ರಲ್ಲಿ. ಬೋರ್ಡೋದಲ್ಲಿ ವಿನೆಕ್ಸ್‌ಪೋ ಎಂಬ ವೈನ್ ವ್ಯಾಪಾರ ಮೇಳ ನಡೆದಿತ್ತು. ವೇಯ್ನ್ ಕಾಲಿನ್ಸ್ ಎಂಬ ಬ್ರಿಟಿಷ್ ಬಾರ್‌ಟೆಂಡರ್ ಅಲ್ಲಿಗೆ ಬಂದಿದ್ದರು. ಕೈಯಲ್ಲಿ ಇಂಗ್ಲೆಂಡಿನ ಪ್ಲಿಮತ್ ಜಿನ್ ಇತ್ತು. ನೆಗ್ರೋನಿ ಬೇಕೆಂಬ ಮಾತು ಬಂದಾಗ, ಫ್ರಾನ್ಸಿನಲ್ಲಿ ನಿಂತು ಇಟಲಿಯ ಬಾಟಲಿಗಳನ್ನು ಯಾಕೆ ಹುಡುಕಬೇಕೆಂದು ಅಲ್ಲೇ ಸಿಗುವ ಸ್ಯೂಜ್ ಮತ್ತು ಲಿಲೆ ಬ್ಲಾಂ ತಂದು ಬೆರೆಸಿದರು. ಕೆಂಪು ಮಾಯವಾಗಿ ಹುಲ್ಲುಹಳದಿ ಬಣ್ಣದ ಪಾನೀಯ ಹುಟ್ಟಿತು. 'ವೈಟ್' ಎನ್ನುವುದು ವೈಟ್ ವೈನ್ ಎನ್ನುವ ಅರ್ಥದಲ್ಲಿ ಮಾತ್ರ. ಮುಂದೆ ನ್ಯೂಯಾರ್ಕಿನ ಪೆಗು ಕ್ಲಬ್‌ನಲ್ಲಿ ಆಡ್ರೆ ಸಾಂಡರ್ಸ್ ಇದನ್ನು ಅಮೆರಿಕದ ಗಿರಾಕಿಗಳಿಗೆ ಪರಿಚಯಿಸಿದರು. ಆಗಿನ್ನೂ ಸ್ಯೂಜ್ ಅಮೆರಿಕದ ಅಂಗಡಿಗಳಿಗೆ ಬಂದಿರಲಿಲ್ಲ. ಅಧಿಕೃತವಾಗಿ ಮಾರಾಟಕ್ಕೆ ಬಂದದ್ದು 2012ರಲ್ಲಿ.

ಈ ಪಾನೀಯದ ಜೀವ ಸ್ಯೂಜ್‌ನಲ್ಲಿದೆ, ಸ್ಯೂಜ್‌ನ ಜೀವ ಒಂದು ಬೇರಿನಲ್ಲಿದೆ. ಹಳದಿ ಜೆನ್ಷಿಯನ್ ಎಂಬ ಗಿಡದ ಬೇರು ಅದು. ಫ್ರಾನ್ಸಿನ ನಡುವಿನ ಮಾಸಿಫ್ ಸಾಂತ್ರಾಲ್ ಎಂಬ ಹಳೆಯ ಜ್ವಾಲಾಮುಖಿ ಬೆಟ್ಟಸೀಮೆಯಲ್ಲಿ, ಓವೆರ್ನ್, ಕಾಂತಾಲ್, ಓಬ್ರಾಕ್ ಕಡೆಯ ಎತ್ತರದ ಹುಲ್ಲುಗಾವಲುಗಳಲ್ಲಿ ಅದು ತಾನಾಗಿ ಬೆಳೆಯುತ್ತದೆ. ಆಲ್ಪ್ಸ್, ಪಿರನೀಸ್, ಜುರಾ ಬೆಟ್ಟಗಳಲ್ಲೂ ಉಂಟು. ಬೂದುನೀಲಿ ಛಾಯೆಯ ಅಗಲ ಎಲೆ, ಎಲೆಯುದ್ದಕ್ಕೂ ಎದ್ದು ಕಾಣುವ ನರಗಳು, ಎದೆಮಟ್ಟಕ್ಕೆ ನಿಲ್ಲುವ ಒಂಟಿ ದಂಟು, ಬೇಸಗೆಯಲ್ಲಿ ಆ ದಂಟಿನ ಸುತ್ತ ಗೆಣ್ಣುಗೆಣ್ಣಿಗೂ ಹಳದಿ ಹೂವಿನ ಗೊಂಚಲು. ಸುತ್ತಲಿನ ಹುಲ್ಲನ್ನು ದನಗಳು ನುಣ್ಣಗೆ ಮೇಯ್ದಿರುತ್ತವೆ, ಈ ಗಿಡವನ್ನು ಮಾತ್ರ ಮೂಸಿ ಬಿಟ್ಟು ಹೋಗುತ್ತವೆ. ಕಹಿಯೇ ಅದರ ಬೇಲಿ.

ಅವಸರ ಎನ್ನುವುದು ಈ ಗಿಡಕ್ಕೆ ಗೊತ್ತಿಲ್ಲ. ಮೊದಲ ಹೂವು ಬಿಡಲು ಹತ್ತು ವರ್ಷದಷ್ಟು ಕಾಲ ಬೇಕು. ಐವತ್ತು ವರ್ಷ ಬಾಳಿದ ಗಿಡಗಳಿವೆ. ಅಷ್ಟು ಕಾಲವೂ ಬೇರು ನೆಲದೊಳಗೆ ದಪ್ಪವಾಗುತ್ತ, ಕವಲೊಡೆಯುತ್ತ ಹೋಗುತ್ತದೆ. ಬಲಿತ ಬೇರು ಒಂದು ಮೀಟರ್ ಉದ್ದ, ಕೆಲವು ಕಿಲೋ ತೂಕ ಇರುವುದುಂಟು. ಅದನ್ನು ಕೀಳುವವರಿಗೆ ಅಲ್ಲಿ 'ಜಾನ್ಸಿಯಾನೇರ್' ಎಂದೇ ಹೆಸರು. ಅವರ ಮುಖ್ಯ ಸಲಕರಣೆಗೆ 'ದೆವ್ವದ ಕವೆಗೋಲು' ಎಂಬ ಹೆಸರಿದೆ. ಉದ್ದನೆಯ ಹಿಡಿ, ತುದಿಯಲ್ಲಿ ಬಾಗಿದ ಎರಡು ಕಬ್ಬಿಣದ ಹಲ್ಲು. ಬೇರಿನ ಪಕ್ಕಕ್ಕೆ ಹಲ್ಲುಗಳನ್ನು ಆಳಕ್ಕೆ ತುಳಿದು ಇಳಿಸಿ, ಹಿಡಿಯ ಮೇಲೆ ಮೈಭಾರ ಹಾಕಿ ಮೀಟಿದಾಗ ಕಲ್ಲುಮಣ್ಣು ಬಿರಿದು ಬೇರು ಇಡಿಯಾಗಿ ಮೇಲೆ ಬರಬೇಕು. ಮುರಿದರೆ ಆಳದ ಭಾಗ ನೆಲದ ಪಾಲು. ಎತ್ತಿದ ಮೇಲೆ ಗುಂಡಿ ಮುಚ್ಚಿ ಹುಲ್ಲಿನ ಹೆಂಟೆಯನ್ನು ಮತ್ತೆ ಕೂರಿಸುತ್ತಾರೆ. ಒಮ್ಮೆ ಅಗೆದ ಗಾವಲಿಗೆ ಎಷ್ಟೋ ವರ್ಷ ಮತ್ತೆ ಕವೆಗೋಲು ಹಾಕುವಂತಿಲ್ಲ. ಕಾಡಿನಿಂದ ಇದನ್ನು ಮನಬಂದಂತೆ ಕೀಳಲು ಬಿಡದೆ ನಿಯಂತ್ರಿಸಲು ಅವಕಾಶವಾಗುವಂತೆ ಯುರೋಪಿನ ಒಕ್ಕೂಟ ತನ್ನ ನೆಲೆರಕ್ಷಣಾ ಕಾನೂನಿನ ಪಟ್ಟಿಯಲ್ಲಿ ಈ ಗಿಡವನ್ನು ಸೇರಿಸಿದೆ. ಸ್ಯೂಜ್‌ನವರೂ ಈಗ ಕಾಡಿನ ಬೇರಿನ ಜತೆಗೆ ಹೊಲದಲ್ಲಿ ಬೆಳೆಸಿದ ಬೇರನ್ನು ಬಳಸುತ್ತಾರೆ.

ಕೀಳುವ ಕೆಲಸದಲ್ಲಿ ಅಪಾಯವೂ ಇದೆ. ಅದೇ ಗಾವಲುಗಳಲ್ಲಿ ಬಿಳಿ ವೆರಾಟ್ರಮ್ ಎಂಬ ವಿಷದ ಗಿಡ ಬೆಳೆಯುತ್ತದೆ. ಹೂವಿಲ್ಲದ ಕಾಲದಲ್ಲಿ ಎರಡೂ ಅಕ್ಕತಂಗಿಯರಂತೆ ಕಾಣುತ್ತವೆ. ನೋಡಬೇಕಾದದ್ದು ಎಲೆ ಕೂತಿರುವ ರೀತಿಯನ್ನು. ಜೆನ್ಷಿಯನ್ನಿನಲ್ಲಿ ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಇರುತ್ತವೆ. ವೆರಾಟ್ರಮ್‌ನಲ್ಲಿ ಒಂದರ ಮೇಲೊಂದು ಸರದಿಯಂತೆ, ಬೇರೆಬೇರೆ ಮಗ್ಗುಲಿಗೆ ಹೊರಡುತ್ತವೆ. ಮನೆಯಲ್ಲೇ ಬೇರು ನೆನೆಹಾಕುವ ಚಟಕ್ಕೆ ಬಿದ್ದು ಈ ವ್ಯತ್ಯಾಸ ಗಮನಿಸದೆ ಆಸ್ಪತ್ರೆ ಸೇರಿದವರು ಯುರೋಪಿನಲ್ಲಿದ್ದಾರೆ. ಕಹಿ ಬಾಟಲಿಗೆ ಕೊಡುವ ದುಡ್ಡಿನಲ್ಲಿ ಗಿಡ ಬಲ್ಲವನ ಕಣ್ಣಿಗೂ ಒಂದು ಪಾಲಿದೆ ಎಂದು ನಾನು ತಿಳಿದುಕೊಂಡಿದ್ದೇನೆ.

ಬೇರಿನ ಕಹಿ ಎಷ್ಟು ತೀಕ್ಷ್ಣ ಎಂದರೆ, ಅದರಲ್ಲಿರುವ ಅಮರೋಜೆಂಟಿನ್ ಎಂಬ ವಸ್ತುವನ್ನು ಸುಮಾರು 5.8 ಕೋಟಿ ಪಾಲು ನೀರಿಗೆ ಒಂದು ಪಾಲಿನಂತೆ ಬೆರೆಸಿದರೂ ನಾಲಗೆ ಕಂಡುಹಿಡಿಯುತ್ತದೆ. ನಿಸರ್ಗದಲ್ಲಿ ಸಿಗುವ ಅತ್ಯಂತ ಕಹಿ ವಸ್ತುಗಳ ಸಾಲಿನಲ್ಲಿ ಅದಕ್ಕೆ ಮೊದಲ ಮಣೆ. ಬೇರಿನಲ್ಲಿ ಅದು ಇರುವುದು ಬಹಳ ಕಡಿಮೆ. ಹೆಚ್ಚು ಪ್ರಮಾಣದಲ್ಲಿರುವುದು ಜೆನ್ಷಿಯೋಪಿಕ್ರೋಸೈಡ್ ಎಂಬ ಇನ್ನೊಂದು ಕಹಿ. ಎರಡೂ ಸೇರಿ ಆ ನೆಲದ ವಾಸನೆಯ, ಬಹಳ ಹೊತ್ತು ಉಳಿಯುವ ಗುಣ ಕೊಡುತ್ತವೆ. ನಮಗೆ ಇದು ತೀರಾ ಅಪರಿಚಿತವೂ ಅಲ್ಲ. ಹಿಮಾಲಯದಲ್ಲಿ ಬೆಳೆದು ನಮ್ಮ ಗ್ರಂಥಿಗೆ ಅಂಗಡಿಗಳಿಗೆ ಬರುವ ಕಿರಾತಕಡ್ಡಿ ಇದೇ ಜೆನ್ಷಿಯನ್ ಕುಟುಂಬದ ಗಿಡ. ಅದರಲ್ಲೂ ಅಮರೋಜೆಂಟಿನ್ ಇದೆ. ಜ್ವರಕ್ಕೆ ಕೊಡುವ ಸುದರ್ಶನ ಚೂರ್ಣದಲ್ಲಿ ಮುಖ್ಯ ದ್ರವ್ಯ ಅದೇ. ಹಾಗಾಗಿ ಸ್ಯೂಜ್ ಮೂಸಿದ ಕೂಡಲೇ ನಮ್ಮವರಿಗೆ ಅಜ್ಜಿಯ ಕಷಾಯ ನೆನಪಾದರೆ ಮೂಗು ಸುಳ್ಳು ಹೇಳುತ್ತಿಲ್ಲ, ನಂಟು ನಿಜವಾದದ್ದೇ.

ಈ ಬೇರನ್ನು ಬಾಟಲಿಗಿಳಿಸಿದವನು ಫೆರ್ನಾಂ ಮೂರೋ. ಪ್ಯಾರಿಸ್ ಪಕ್ಕದ ಮೇಸೋಂ-ಆಲ್ಫೋರ್‌ನಲ್ಲಿ ಮನೆತನದ ಭಟ್ಟಿ ಇತ್ತು. ದ್ರಾಕ್ಷಿರಸದ ಬುನಾದಿ ಇಲ್ಲದ ಅಪೆರಿತೀಫ್, ಎಂದರೆ ಊಟಕ್ಕೆ ಮುಂಚೆ ಹಸಿವು ಕೆರಳಿಸಲು ಕುಡಿಯುವ ಪಾನೀಯ ಮಾಡಬೇಕೆಂಬ ಹಟದಿಂದ 1885ರಲ್ಲಿ ಜೆನ್ಷಿಯನ್ನಿಗೆ ಕೈ ಹಾಕಿದ. 1889ರಲ್ಲಿ, ಐಫೆಲ್ ಗೋಪುರ ಎದ್ದ ವರ್ಷವೇ, ಸ್ಯೂಜ್ ಪೇಟೆಗೆ ಬಂತು. ಕೆಲವೇ ದಶಕಗಳಲ್ಲಿ ಅದು ಎಷ್ಟು ಮನೆಮಾತಾಯಿತೆಂದರೆ, 1912ರಲ್ಲಿ ಪಿಕಾಸೋ ಕಾಗದ ಅಂಟಿಸಿ ಮಾಡಿದ ಚಿತ್ರವೊಂದರ ನಡುವೆ ಸ್ಯೂಜ್ ಬಾಟಲಿ ನಿಂತಿದೆ, ಸುತ್ತ ಅಂದಿನ ಬಾಲ್ಕನ್ ಯುದ್ಧದ ಸುದ್ದಿಯ ಪತ್ರಿಕೆ ತುಣುಕುಗಳು. ಆ ಚಿತ್ರ ಈಗ ಅಮೆರಿಕದ ಸೇಂಟ್ ಲೂಯಿಯ ಒಂದು ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದೆ. ಸ್ಯೂಜ್ ಈಗ ತಯಾರಾಗುವುದು ಪಿರನೀಸ್ ತಪ್ಪಲಿನ ತ್ಯುಯಿರ್ ಎಂಬ ಊರಿನಲ್ಲಿ.

ಲಿಲೆಯದು ಇದಕ್ಕೆ ವಿರುದ್ಧ ಸ್ವಭಾವ. ಬೋರ್ಡೋ ಪಕ್ಕದ ಪೊದಾನ್ಸಾಕ್ ಊರಿನಲ್ಲಿ 1872ರಲ್ಲಿ ಪಾಲ್ ಮತ್ತು ರೇಮೋಂ ಲಿಲೆ ಎಂಬ ಅಣ್ಣತಮ್ಮಂದಿರು ಶುರುಮಾಡಿದ ಮನೆ ಅದು. ಸೆಮಿಯೋಂ, ಸೋವಿನ್ಯೋಂ ದ್ರಾಕ್ಷಿಯ ಬಿಳಿ ವೈನಿಗೆ ಸಿಹಿ ಮತ್ತು ಕಹಿ ಕಿತ್ತಳೆ ಸಿಪ್ಪೆಯ ಸಾರ ಬೆರೆಸಿ ಮಾಡುತ್ತಾರೆ. 17 ಶೇಕಡಾ ಮದ್ಯಸಾರ, ಹೂವಿನ ಪರಿಮಳ, ಮೆತ್ತನೆಯ ಸಿಹಿ. ಇಯಾನ್ ಫ್ಲೆಮಿಂಗ್ 1953ರ ಕಾದಂಬರಿಯಲ್ಲಿ ಜೇಮ್ಸ್ ಬಾಂಡ್‌ಗೆ ಕುಡಿಸಿದ್ದು 'ಕಿನಾ ಲಿಲೆ'. ಅದರಲ್ಲಿ ಸಿಂಕೋನಾ ತೊಗಟೆಯ ಕ್ವಿನೈನ್ ಕಹಿ ಎದ್ದು ಕಾಣುತ್ತಿತ್ತು. 1980ರ ದಶಕದಲ್ಲಿ ಪಾಕ ಬದಲಾಗಿ ಆ ಕಹಿ ತಗ್ಗಿತು. ಹಳೆಯದನ್ನು ನೆನೆದು ಕೊರಗುವವರು ಇದ್ದಾರೆ. ವೈಟ್ ನೆಗ್ರೋನಿಯ ಮಟ್ಟಿಗೆ ಮಾತ್ರ ಈಗಿನ ಮೆದು ಲಿಲೆಯೇ ಸರಿ. ಕಹಿಯ ಕೆಲಸವನ್ನು ಸ್ಯೂಜ್ ಒಂದೇ ಪೂರ್ತಿ ಮಾಡುತ್ತದೆ, ಪಕ್ಕದಲ್ಲಿ ಎರಡನೆಯ ಕಹಿ ಬಂದರೆ ಜಗಳ.

ಕಾಲಿನ್ಸ್ ಬಳಸಿದ್ದು ಇಂಗ್ಲೆಂಡಿನ ಜಿನ್ ಆದರೂ, ಮೂರನೆಯ ಬಾಟಲಿಯನ್ನೂ ಫ್ರಾನ್ಸಿನದೇ ತರುವುದಾದರೆ ನಾನು ಕೈ ತೋರಿಸುವುದು ಸಿತಾದೆಲ್ ಕಡೆಗೆ. ಕೊನ್ಯಾಕ್ ಸೀಮೆಯ ಕಾನೂನಿನ ಪ್ರಕಾರ ಅಲ್ಲಿನ ಬ್ರಾಂಡಿಯ ಭಟ್ಟಿ ಮಾರ್ಚ್ 31ಕ್ಕೆ ನಿಲ್ಲಬೇಕು. ಆಮೇಲೆ ಮುಂದಿನ ಸುಗ್ಗಿಯವರೆಗೆ ತಾಮ್ರದ ಹಂಡೆಗಳು ಸುಮ್ಮನೆ ಕೂತಿರುತ್ತವೆ. ಆ ಬಿಡುವಿನಲ್ಲಿ ಜಿನ್ ಇಳಿಸಬಾರದೇಕೆ ಎಂದು ಅಲೆಕ್ಸಾಂಡ್ರ್ ಗಾಬ್ರಿಯೆಲ್ ಎಂಬ ಕೊನ್ಯಾಕ್ ಉತ್ಪಾದಕ ಅಧಿಕಾರಿಗಳ ಬೆನ್ನು ಹತ್ತಿ ಅನುಮತಿ ಪಡೆದ. 1996ರಲ್ಲಿ ಸಿತಾದೆಲ್ ಬಂತು. ಜೂನಿಪರ್ ಸೇರಿ 19 ಬಗೆಯ ಸಾಮಗ್ರಿ. ಅದರಲ್ಲಿ ಕೊತ್ತಂಬರಿ ಬೀಜ, ಏಲಕ್ಕಿ, ಜೀರಿಗೆ, ಚಕ್ಕೆ, ಜಾಯಿಕಾಯಿ ಎಲ್ಲ ಇವೆ. ನಮ್ಮ ಅಡುಗೆಮನೆಯ ಮೂಗಿಗೆ ಅದು ಬೇಗ ಒಗ್ಗುತ್ತದೆ. ಶಕ್ತಿ 44 ಶೇಕಡಾ. ಆ ಶಕ್ತಿ ಇಲ್ಲಿ ಬೇಕೇ ಬೇಕು. ತೆಳು ಜಿನ್ ಸ್ಯೂಜ್ ಎದುರು ನಿಲ್ಲುವುದಿಲ್ಲ.

ಈಗ ಅಳತೆ. ಸಮಪಾಲು ಯಾಕೆ ಕೆಡುತ್ತದೆ? ಇಟಲಿಯ ನೆಗ್ರೋನಿಯಲ್ಲಿ ಕಹಿಯನ್ನು ಹಿಡಿದು ನಿಲ್ಲಿಸುವುದು ಸಕ್ಕರೆ. ಯುರೋಪಿನ ನಿಯಮದ ಪ್ರಕಾರ ಸಿಹಿ ಎಂದು ಕರೆಸಿಕೊಳ್ಳುವ ವರ್ಮೂತ್‌ನಲ್ಲಿ ಲೀಟರಿಗೆ ಕನಿಷ್ಠ 130 ಗ್ರಾಂ ಸಕ್ಕರೆ ಇರಬೇಕು. ಕಂಪಾರಿಯೂ ಒಳಗೊಳಗೇ ಬಹಳ ಸಿಹಿ. ಹಾಗಾಗಿ ಮೂರೂ ಸಮ ಇದ್ದರೂ ತಕ್ಕಡಿ ನಿಲ್ಲುತ್ತದೆ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ, ಹುಣಿಸೆ ಧಾರಾಳವಾಗಿ ಬಿದ್ದಿದ್ದರೆ ಹೋಳು ಎಷ್ಟಿದ್ದರೂ ನಡೆಯುತ್ತದಲ್ಲ, ಹಾಗೆ. ಲಿಲೆಗೆ ವರ್ಮೂತ್‌ನಷ್ಟು ಸಿಹಿಯಿಲ್ಲ, ಅದರ ಗಟ್ಟಿ ಮಸಾಲೆಯೂ ಇಲ್ಲ. ಸ್ಯೂಜ್ ಮದ್ಯಸಾರದಲ್ಲೂ ಕಂಪಾರಿಗಿಂತ ಹಗುರ. ಫ್ರಾನ್ಸಿನಲ್ಲಿ ಮಾರುವುದು 15 ಶೇಕಡಾ, ಅಮೆರಿಕಕ್ಕೆ ಹೋಗುವುದು 20. ಸಮಪಾಲು ಹಾಕಿದರೆ ಪಾನೀಯ ನೀರಾಗುತ್ತದೆ, ಕಹಿ ಮಾತ್ರ ಮೇಲೇಳುತ್ತದೆ. ಆದ್ದರಿಂದ ಜಿನ್ ಏರಬೇಕು, ಸ್ಯೂಜ್ ಇಳಿಯಬೇಕು, ಲಿಲೆ ನಡುವೆ ನಿಲ್ಲಬೇಕು. ಜಿನ್ 45 ಮಿಲಿ, ಲಿಲೆ 30, ಸ್ಯೂಜ್ 20. ನಮ್ಮ ಲೆಕ್ಕದಲ್ಲಿ ಒಂದೂವರೆ ಪೆಗ್, ಒಂದು ಪೆಗ್, ಮತ್ತು ಮುಕ್ಕಾಲು ಪೆಗ್ಗಿಗೆ ಸ್ವಲ್ಪ ಕಡಿಮೆ. ಜೆನ್ಷಿಯನ್ ಅಭ್ಯಾಸವಿಲ್ಲದವರು ಸ್ಯೂಜನ್ನು 15ಕ್ಕೆ ಇಳಿಸಿ ಶುರುಮಾಡಲಿ. ಕಣ್ಣಳತೆ ಬೇಡ. ಐದು ಮಿಲಿ ಸ್ಯೂಜ್ ಹೆಚ್ಚಾದರೂ ಲೋಟ ಬೇರೆಯೇ ಆಗುತ್ತದೆ.

ಕಲಕಬೇಕು, ಕುಲುಕಬಾರದು. ಹಣ್ಣಿನ ರಸ, ಹಾಲು, ಮೊಟ್ಟೆ ಇದ್ದ ಕಡೆ ಕುಲುಕುವುದು ಸರಿ. ಇಲ್ಲಿ ಮೂರೂ ತಿಳಿ ದ್ರವ. ಕುಲುಕಿದರೆ ಗಾಳಿಗುಳ್ಳೆ, ಐಸಿನ ಚೂರು ಸೇರಿ ಮಬ್ಬಾಗುತ್ತದೆ, ನಯ ಹೋಗುತ್ತದೆ. ದಪ್ಪ ಗಾಜಿನ ಪಾತ್ರೆಯಲ್ಲಿ ಮೂರನ್ನೂ ಸುರಿದು, ಫ್ರೀಜರಿನಿಂದ ಆಗಷ್ಟೇ ತೆಗೆದ ಗಟ್ಟಿ ಐಸನ್ನು ದ್ರವದ ಮಟ್ಟಕ್ಕಿಂತ ಮೇಲೆ ಬರುವಷ್ಟು ತುಂಬಿ. ಒದ್ದೆಯಾಗಿ ಕರಗಲು ಶುರುವಾದ ಐಸ್ ಬೇಡ, ಅದು ತಣಿಸುವ ಮೊದಲೇ ನೀರು ಬಿಡುತ್ತದೆ. ಉದ್ದ ಚಮಚದ ಬೆನ್ನು ಪಾತ್ರೆಯ ಒಳಗೋಡೆಗೆ ತಾಗಿಕೊಂಡೇ ತಿರುಗಲಿ. ಐಸೆಲ್ಲ ಒಂದೇ ಗಡ್ಡೆಯಂತೆ ಸದ್ದಿಲ್ಲದೆ ಸುತ್ತಬೇಕು. ಮೂವತ್ತು ಸೆಕೆಂಡು ಸಾಕು. ಅಷ್ಟರಲ್ಲಿ ದ್ರವ ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿದು, ಐಸು ಕರಗಿ ಮೂಲ ಪ್ರಮಾಣದ ಕಾಲುಭಾಗದಷ್ಟು ನೀರು ಸೇರಿರುತ್ತದೆ. ಆ ನೀರನ್ನು ನಷ್ಟವೆಂದು ತಿಳಿಯಬಾರದು, ಅದೂ ಒಂದು ಸಾಮಗ್ರಿ. ಅದು ಸೇರಿದಾಗಲೇ ಲಿಲೆಯ ಹೂಗಂಧ ಬಿಚ್ಚಿಕೊಳ್ಳುವುದು, ಬೇರಿನ ಕಹಿಯ ಮೊನೆ ಮೆತ್ತಗಾಗುವುದು. ದೊಡ್ಡ ಐಸಿನ ಒಂದೇ ಗಡ್ಡೆ ಇಟ್ಟ ಗಿಡ್ಡ ಲೋಟಕ್ಕೆ ಸೋಸಿ ಬಿಡಿ.

ಮೇಲೆ ಸಿಪ್ಪೆ. ಇದು ಅಲಂಕಾರಕ್ಕೆಂದು ತಿಳಿದು ಬಿಡುವವರು ಅರ್ಧ ಪಾನೀಯವನ್ನೇ ಬಿಟ್ಟಂತೆ. ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಹೊರಮೈಯ ಚುಕ್ಕೆಗಳಲ್ಲಿ ಎಣ್ಣೆ ಇರುತ್ತದೆ. ಹೆಬ್ಬೆರಳಗಲದ ತುಂಡನ್ನು, ಒಳಗಿನ ಬಿಳಿ ಆದಷ್ಟೂ ಬಾರದಂತೆ ಹೆರೆದು, ಬಣ್ಣದ ಮೈ ಲೋಟದ ಕಡೆಗೆ ಬರುವಂತೆ ಹಿಡಿದು ಹಿಚುಕಿ. ಬೆಳಕಿಗೆ ಎದುರಾಗಿ ನೋಡಿದರೆ ಸಣ್ಣ ಮಂಜಿನಂತೆ ಎಣ್ಣೆ ಹಾರುವುದು ಕಾಣುತ್ತದೆ, ಪಾನೀಯದ ಮೇಲೆ ತೆಳು ಪೊರೆ ಕಟ್ಟುತ್ತದೆ. ಮೂಗಿಗೆ ಮೊದಲು ಸಿಗುವುದು ಆ ಪರಿಮಳ, ಕಹಿ ಬರುವುದು ಅದರ ಹಿಂದೆ. ಹೊರದೇಶದಲ್ಲಿ ದಪ್ಪ ಸಿಪ್ಪೆಯ ನಿಂಬೆ, ಗ್ರೇಪ್‌ಫ್ರೂಟ್ ಬಳಸುತ್ತಾರೆ. ನಮ್ಮ ತೆಳು ಸಿಪ್ಪೆಯ ನಿಂಬೆ ಈ ಕೆಲಸಕ್ಕೆ ಒದಗುವುದಿಲ್ಲ. ಆದರೆ ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಸಂಕರದಿಂದ. ಆ ಚಕ್ಕೋತ ನಮ್ಮಲ್ಲಿ ಇದೆ, ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅದರ ದಪ್ಪ ಬಿಳಿ ತಿರುಳನ್ನು ಬಿಟ್ಟು ಹೊರಗಿನ ಹಸಿರುಹಳದಿ ಪದರವನ್ನಷ್ಟೇ ಕೂರಾದ ಚಾಕುವಿನಿಂದ ತೆಗೆದರೆ ಜೆನ್ಷಿಯನ್ನಿಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಸ್ಯೂಜ್ ನಮ್ಮೂರ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ವಸ್ತುವಲ್ಲ. ವಿದೇಶದಿಂದ ಬರುವವರು ಸುಂಕವಿಲ್ಲದೆ ಎರಡು ಲೀಟರ್ ಮದ್ಯ ತರಬಹುದು. ಫ್ರಾನ್ಸಿನಲ್ಲಿರುವ ಕನ್ನಡಿಗರಿಗೆ ಅದು ಯಾವುದೇ ಸೂಪರ್‌ಮಾರ್ಕೆಟ್ಟಿನ ಮಾಮೂಲಿ ಸರಕು. ಓವೆರ್ನ್ ಕಡೆ ಹೋದವರಿಗೆ ಸಾಲೆರ್ಸ್, ಆವೆಜ್ ಎಂಬ ಜೆನ್ಷಿಯನ್ ಬಾಟಲಿಗಳೂ ಸಿಕ್ಕಾವು. ಸಾಲೆರ್ಸ್ ಸ್ಯೂಜ್‌ಗಿಂತ ಸಿಹಿ ಕಡಿಮೆಯದು, ಹಾಗಾಗಿ ಇನ್ನೂ ಕಡಿಮೆ ಹಾಕಬೇಕು. ಲಿಲೆ ಇಲ್ಲದಿದ್ದರೆ ಆಲ್ಪ್ಸ್ ತಪ್ಪಲಿನ ಶಾಂಬೇರಿಯ ದೊಲಾಂ ಬ್ಲಾಂ ವರ್ಮೂತ್ ನಡೆಯುತ್ತದೆ. ಒಣ ವರ್ಮೂತ್ ಮಾತ್ರ ಬೇಡ, ಕಹಿಯನ್ನು ಹಿಡಿಯುವ ಸಿಹಿ ಅದರಲ್ಲಿಲ್ಲ. ಜೆನ್ಷಿಯನ್ನಿಗೆ ಬದಲಾಗಿ ಕಿರಾತಕಡ್ಡಿ ನೆನೆಹಾಕೋಣವೇ ಎಂದು ಕೇಳುವವರಿಗೆ ನನ್ನ ಉತ್ತರ: ಬೇಡ. ಔಷಧದ ಬೇರು, ಕಡ್ಡಿಗಳ ಪ್ರಮಾಣ ಗೊತ್ತಿಲ್ಲದೆ ಮದ್ಯದಲ್ಲಿ ಇಳಿಸುವುದು ಆಟವಲ್ಲ. ಇನ್ನೊಂದು ಮಾತು, ಲಿಲೆ ಎಂಬುದು ಕೊನೆಗೂ ವೈನ್. ಮುಚ್ಚಳ ತೆರೆದ ಮೇಲೆ ಫ್ರಿಜ್‌ನಲ್ಲಿಟ್ಟು ಕೆಲವು ವಾರಗಳೊಳಗೆ ಮುಗಿಸಿ. ಷೋಕೇಸಿನಲ್ಲಿ ತಿಂಗಳುಗಟ್ಟಲೆ ನಿಂತ ಲಿಲೆಯಿಂದ ಒಳ್ಳೆಯ ಲೋಟ ಬರುವುದಿಲ್ಲ.

ಇದು ಊಟಕ್ಕೆ ಮುಂಚಿನ ಪಾನೀಯ. ಆಲಿವ್, ಉಪ್ಪು ಹಾಕಿ ಹುರಿದ ಬಾದಾಮಿ, ಗಟ್ಟಿ ಚೀಸ್ ಪಕ್ಕದಲ್ಲಿರಲಿ. ಉಪ್ಪು ನಾಲಗೆಯ ಮೇಲೆ ಕಹಿಯನ್ನು ತಗ್ಗಿಸುತ್ತದೆ, ಜೆನ್ಷಿಯನ್ನಿನ ಹಿಂದಿರುವ ಹೂವು, ಕಿತ್ತಳೆ ಮುಂದೆ ಬರುತ್ತವೆ. ನಿಧಾನವಾಗಿ ಕುಡಿಯಿರಿ. ತೆಳು ಹಳದಿ ಬಣ್ಣ ನೋಡಿ ಹಗುರವೆಂದು ಭಾವಿಸಬೇಡಿ. ಮೇಲೆ ಹೇಳಿದ ಅಳತೆಯ ಒಂದು ಲೋಟದಲ್ಲಿ ಸುಮಾರು 22 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಫ್ರಾನ್ಸಿನಲ್ಲಿ ಒಂದು ಪ್ರಮಾಣಿತ ಲೋಟವೆಂದರೆ 10 ಗ್ರಾಂ. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಕುಡಿಯುವವರಿಗೆ ಹೇಳುವ ಮಿತಿ ದಿನಕ್ಕೆ ಅಂಥ ಎರಡು, ವಾರಕ್ಕೆ ಹತ್ತು, ಅದೂ ಪ್ರತಿದಿನ ಬೇಡ ಎಂದು. ಒಂದು ವೈಟ್ ನೆಗ್ರೋನಿ ಮುಗಿಯುವಷ್ಟರಲ್ಲಿ ಆ ದಿನದ ಮಿತಿ ದಾಟಿರುತ್ತದೆ. ಎರಡನೆಯದನ್ನು ಬೆರೆಸಬೇಡಿ, ಗಾಡಿಯ ಕೀಲಿ ಮುಟ್ಟಬೇಡಿ, ಊಟಕ್ಕೆ ಏಳಿ.